ಕಂಡಕ್ಟರಮ್ಮ ಪ್ರೊಸೆಸರ್‌ನ ವೇಗ ಏರಿಸಿದ್ದು

ಬೀದಿಯವರೆಲ್ಲ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ನಿಂತಲ್ಲೇ ನಿದ್ದೆ ಮಾಡಬಲ್ಲಳು. ಯಾವ ತಿರುವಿನಲ್ಲಿ ಬಸ್ಸು ಎಷ್ಟು ವಾಲುತ್ತದೆ ಎಂಬುದು ಅವಳ ಸೊಂಟಕ್ಕೆ ಬಾಯಿಪಾಠವಾಗಿತ್ತು. ಆದರೆ ಅವಳ ಕಣ್ಣು ಮೊದಲಿನಿಂದಲೂ ಮುಂದಿನ ಸೀಟಿನ ಮೇಲೆ. ಭಾರಿ ವಾಹನದ ಲೈಸೆನ್ಸ್ ಮಾಡಿಸಿಕೊಂಡು ಡ್ರೈವರ್ ಕೆಲಸಕ್ಕೆ ಮೂರು ಸಲ ಅರ್ಜಿ ಹಾಕಿದ್ದಳು. ಡಿಪೋದ ಸಾಹೇಬರು ಮೂರು ಸಲವೂ ನಗುನಗುತ್ತಲೇ ಇಲ್ಲವೆಂದರು.

"ನೀವು ಚೆನ್ನಾಗಿ ಓಡಿಸ್ತೀರಿ ಅಂತ ನನಗೆ ಗೊತ್ತಮ್ಮ. ಪ್ಯಾಸೆಂಜರಿಗೆ ಗೊತ್ತಾಗ್ಬೇಕಲ್ಲ?"

"ಓಡಿಸೋಕೆ ಬಿಟ್ರೆ ತಾನೇ ಸಾರ್ ಗೊತ್ತಾಗೋದು?"

ಬಿಡಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅವಳು ಮಗಳ ಮನೆಯ ಹಿಂದಿನ ಕೋಣೆಯಲ್ಲಿ ನೆಲೆಯೂರಿದಳು. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ, ಕಿಟಕಿಯೀಚೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಒಂದು ಮಂಚ. ಮಗಳು ಬಿಟ್ಟ ಹಳೆಯ ಲ್ಯಾಪ್‌ಟಾಪ್ ಇಸ್ತ್ರಿ ಮೇಜಿನ ಮೇಲಿತ್ತು. ಅದರಲ್ಲಿ ಏನೋ ಹುಡುಕಲು ಹೋದವಳಿಗೆ ಬಸ್ಸು ಓಡಿಸುವ ಆಟವೊಂದು ಸಿಕ್ಕಿತು. ಆಟವೆಂದರೆ ಹುಡುಗಾಟವಲ್ಲ. ಗೇರು, ಕ್ಲಚ್ಚು, ಬಾಗಿಲು ತೆರೆಯುವ ಗುಂಡಿ, ನಿಲ್ದಾಣದಲ್ಲಿ ಕಾಯುವ ಜನ, ತಡವಾದರೆ ಅವರ ಗೊಣಗಾಟ, ಎಲ್ಲ ಇತ್ತು. ಒಂದೇ ವಾರದಲ್ಲಿ ಮೇಜಿಗೆ ಸಿಕ್ಕಿಸುವ ಸ್ಟೀರಿಂಗನ್ನೂ ಕಾಲಿಗೆ ಪೆಡಲನ್ನೂ ತರಿಸಿಕೊಂಡಳು.

ಅಳಿಯ ಒಂದು ಕಂಪನಿಯಲ್ಲಿ ಲೆಕ್ಕ ನೋಡುವವನು. ಮೆತ್ತನೆಯ ಮಾತಿನ, ಗಟ್ಟಿ ಅಂಜಿಕೆಯ ಮನುಷ್ಯ. ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿ, "ಅತ್ತೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಸಂಜೆ ಪಾರ್ಕಿಗೆ ಹೋದ್ರೆ ನಾಲ್ಕು ಜನ ಸಿಕ್ತಾರೆ," ಎಂದ.

"ಮೂವತ್ತು ವರ್ಷ ದಿನಕ್ಕೆ ಸಾವಿರ ಜನ ಸಿಕ್ಕಿದ್ದಾರೆ ಅಳಿಯಂದ್ರೇ. ಇನ್ನು ಸಾಕು," ಎಂದು ಅವಳು ಇಂಡಿಕೇಟರ್ ಹಾಕಿದಳು.

ತೊಂದರೆ ಅವಳಲ್ಲಿರಲಿಲ್ಲ, ಲ್ಯಾಪ್‌ಟಾಪಿನಲ್ಲಿತ್ತು. ಖಾಲಿ ರಸ್ತೆಯಲ್ಲಿ ಬಸ್ಸು ಹಾಯಾಗಿ ಹೋಗುತ್ತಿತ್ತು. ಪೇಟೆಯೊಳಗೆ ಹೊಕ್ಕು, ಕಾರು ಬೈಕು ಜನ ಎಲ್ಲ ಸೇರಿದೊಡನೆ ಚಿತ್ರ ತಡವರಿಸುತ್ತಿತ್ತು. ಸ್ಟೀರಿಂಗ್ ತಿರುಗಿಸಿದ ಮೇಲೆ ಒಂದು ಗಳಿಗೆ ಬಸ್ಸು ಕಲ್ಲಿನಂತೆ ನಿಂತು, ಮರುಗಳಿಗೆ ದೀಪದ ಕಂಬವನ್ನು ತಬ್ಬಿಕೊಂಡಿರುತ್ತಿತ್ತು. ಪರದೆಯ ಮೇಲೆ ಚಾಲಕರ ದೋಷ ಎಂದು ಬರೆದು ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಒಮ್ಮೆಯೂ ಸೀಟು ಕೊಡದವರು ಬಾಯಿಬಿಟ್ಟು ಹೇಳದಿದ್ದುದನ್ನು ಈ ಡಬ್ಬ ಹೇಳಬೇಕೇ?

ಈ ಆಟ ಆಡುವವರ ಆನ್‌ಲೈನ್ ಗುಂಪಿನಲ್ಲಿ ಯಾರೋ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ ಎಂದು ಬರೆದಿದ್ದರು. ಕಾರ್ಖಾನೆಯವರು ಗೊತ್ತು ಮಾಡಿದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು ಎಂದು ಓದಿದ ಮೇಲೆ ಕಂಡಕ್ಟರಮ್ಮನಿಗೆ ಆ ಮಾತು ಬಹಳ ಹಿಡಿಸಿತು. ಗೊತ್ತು ಮಾಡಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮುಖ್ಯರಸ್ತೆಯ ಕಂಪ್ಯೂಟರ್ ರಿಪೇರಿಯವನ ಬಳಿಗೆ ಹೋದಳು.

ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಗೂಡು. ಅವನು ಕನ್ನಡಕವನ್ನು ಹಣೆಗೇರಿಸಿ ಲ್ಯಾಪ್‌ಟಾಪನ್ನು ಮಗುಚಿ ನೋಡಿದ.

"ಇದಕ್ಕೆ ಬೇಡಮ್ಮ. ಇದರ ಪ್ರೊಸೆಸರ್‌ಗೆ ಕಂಪನಿಯವರೇ ಬೀಗ ಹಾಕಿದ್ದಾರೆ. ಮುರಿದು ಏರಿಸ್ತೀನಿ ಅಂದ್ರೂ ಬಿಸಿ ಹೋಗೋಕೆ ದಾರಿ ಇಲ್ಲ. ಕಂಬಳಿ ಹೊದ್ದಿಸಿ ಓಡು ಅಂದ ಹಾಗಾಗುತ್ತೆ. ಧೂಳು ತೆಗೆದುಕೊಡ್ತೀನಿ, ಅಷ್ಟೇ."

"ಹಾಗಾದ್ರೆ ಯಾವುದಕ್ಕೆ ಆಗುತ್ತೆ?"

"ಡೆಸ್ಕ್‌ಟಾಪಿಗೆ. ಅದರಲ್ಲೂ ಬೀಗ ಇಲ್ಲದ ಪ್ರೊಸೆಸರ್ ಇರಬೇಕು, ಅದನ್ನ ಕೂರಿಸೋಕೆ ಒಪ್ಪೋ ಮದರ್‌ಬೋರ್ಡ್ ಇರಬೇಕು. ಹೊಟ್ಟೆ ದೊಡ್ಡದು, ಗಾಳಿ ಆಡುತ್ತೆ."

ಅವನ ಬಳಿಯೇ ಅಂಥದೊಂದು ಹಳೆಯ ಡೆಸ್ಕ್‌ಟಾಪಿತ್ತು. ಆಟ ಹಾಕಿ ನೋಡಿದ. ಪೇಟೆಯೊಳಗೆ ಬಸ್ಸು ಇದರಲ್ಲೂ ತಡವರಿಸಿತು, ಆದರೆ ಕಡಿಮೆ. ಅವನು ಪರದೆಯ ಮೂಲೆಯ ಅಂಕಿಗಳನ್ನು ತೋರಿಸಿದ. ಚಿತ್ರ ಬರೆಯುವ ಕಾರ್ಡು ಅರ್ಧ ಖಾಲಿ ಕುಳಿತಿತ್ತು, ಪ್ರೊಸೆಸರ್ ಏದುಸಿರು ಬಿಡುತ್ತಿತ್ತು.

"ಮೊದಲು ಸುಸ್ತಾಗಿರೋದು ಯಾರು ಅಂತ ನೋಡ್ಬೇಕಮ್ಮ. ಟೈರು ಪಂಕ್ಚರ್ ಆಗಿದ್ರೆ ಎಂಜಿನ್ನಿಗೆ ಬಯ್ದು ಏನು ಪ್ರಯೋಜನ? ಇಲ್ಲಿ ಸುಸ್ತಾಗಿರೋದು ಎಂಜಿನ್ನೇ. ಇದನ್ನೇ ತಗೊಳ್ಳಿ, ನಾನೇ ಏರಿಸಿಕೊಡ್ತೀನಿ."

"ನೀನು ಏರಿಸೋದು ಬೇಡ ಕಣಪ್ಪ. ನನಗೆ ಹೇಳಿಕೊಡು, ನಾನು ಏರಿಸ್ತೀನಿ."

"ಕೆಟ್ರೆ ಗ್ಯಾರಂಟಿ ಇಲ್ಲಮ್ಮ."

"ನನಗೂ ಇಲ್ಲ. ಹೇಳು."

ಅವನು ಹೇಳಿದ. ಮೊದಲು ಫ್ಯಾನು ದೊಡ್ಡದಾಗಬೇಕು. ಪ್ರೊಸೆಸರಿಗೂ ಅದರ ಮೇಲೆ ಕೂರುವ ಲೋಹದ ಗಟ್ಟಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಲೇಪ ಒಣಗಿರುತ್ತದೆ, ಒರೆಸಿ ಹೊಸದು ಹಚ್ಚಬೇಕು. ಕಡಲೆಕಾಳಿನಷ್ಟು ಸಾಕು, ಗೋಡೆಗೆ ಸುಣ್ಣ ಬಳಿದಂತೆ ಬಳಿಯಬಾರದು. ಕಂಪ್ಯೂಟರ್ ಶುರುವಾಗುವಾಗ ಗುಂಡಿ ಒತ್ತಿದರೆ ಒಂದು ಪುಟ ಬರುತ್ತದೆ, ಅಲ್ಲಿ ವೇಗದ ಅಂಕಿಯನ್ನು ಒಂದೇ ಒಂದು ಮೆಟ್ಟಿಲು ಏರಿಸಬೇಕು. ಆಮೇಲೆ ಪ್ರೊಸೆಸರ್‌ಗೆ ಬೆವರಿಳಿಸುವ ಪರೀಕ್ಷೆ ಹಚ್ಚಿ ಕಾಯಬೇಕು. ಬಿಸಿ ಎಂಬತ್ತು ಡಿಗ್ರಿ ದಾಟದೆ, ಪರದೆ ಸಾಯದೆ ಗಂಟೆಗಟ್ಟಲೆ ನಡೆದರೆ ಮಾತ್ರ ಮುಂದಿನ ಮೆಟ್ಟಿಲು. ವೋಲ್ಟೇಜಿನ ತಂಟೆಗೆ ಹೋಗಲೇಬಾರದು. "ಕಲಿಯೋರು ಸಾಯಿಸೋದು ಅಲ್ಲೇ," ಎಂದ.

ಡೆಸ್ಕ್‌ಟಾಪ್ ಅವಳ ದುಡ್ಡಿಗೆ, ದೊಡ್ಡ ಫ್ಯಾನಿನ ಸಮೇತ, ಹಿಂದಿನ ಕೋಣೆಗೆ ಬಂತು. ಕಂಡಕ್ಟರಮ್ಮ ಕನ್ನಡಕ ಏರಿಸಿ, ಸೆರಗು ಸಿಕ್ಕಿಸಿ, ಸ್ಕ್ರೂ ಬಿಚ್ಚಿ ಲೇಪ ಹಚ್ಚಿದಳು. ಮೊದಲ ಮೆಟ್ಟಿಲು ಏರಿತು. ಎರಡನೆಯದೂ ಏರಿತು. ಬಿಸಿ ಎಪ್ಪತ್ತರ ಹತ್ತಿರ ಆಡುತ್ತಿತ್ತು. ಪೇಟೆಯ ತಿರುವಿನಲ್ಲಿ ಬಸ್ಸು ಮೊದಲ ಸಲ ಕೈ ಹೇಳಿದಂತೆ ಕೇಳಿತು. ಅವಳಿಗೆ ಆ ಸಂಜೆ ಊಟದ ನೆನಪೇ ಆಗಲಿಲ್ಲ, ಅಷ್ಟು ಖುಷಿ.

ಖುಷಿಯ ಬೆನ್ನಿಗೇ ದುರಾಸೆ. ಗುಂಪಿನಲ್ಲಿ ಒಬ್ಬ, ಇದೇ ಪ್ರೊಸೆಸರನ್ನು ನಾನು ಎಲ್ಲಿಗೆ ಏರಿಸಿದ್ದೇನೆ ನೋಡಿ ಎಂದು ದೊಡ್ಡ ಅಂಕಿ ಬರೆದುಕೊಂಡಿದ್ದ. ಅವನಿಗಾದದ್ದು ನನಗೇಕಾಗದು ಎಂದು ಇವಳು ಒಮ್ಮೆಲೇ ನಾಲ್ಕು ಮೆಟ್ಟಿಲು ಹಾರಿದಳು. ಫ್ಯಾನು ಒಮ್ಮೆ ಗರ್ರೆಂದಿತು, ಪರದೆ ಕಪ್ಪಾಯಿತು. ಮತ್ತೆ ಒತ್ತಿದರೂ ಕಪ್ಪೇ.

ಅಳಿಯ ಓಡಿ ಬಂದ. "ನಾನು ಬಡ್ಕೊಂಡೆ ಅತ್ತೆ, ಬಡ್ಕೊಂಡೆ!"

ಅವಳು ರಿಪೇರಿಯವನಿಗೆ ಫೋನ್ ಮಾಡಿದಳು. ಅವನು ಆ ಕಡೆಯಿಂದ ನಕ್ಕ. "ಸತ್ತಿಲ್ಲಮ್ಮ, ಮುನಿಸ್ಕೊಂಡಿದೆ. ಮೊದಲು ಗೋಡೆಯಿಂದ ವಯರ್ ಕೀಳಿ. ಬೋರ್ಡಿನ ಮೇಲೆ ನಾಣ್ಯದ ಹಾಗೆ ಒಂದು ಬ್ಯಾಟರಿ ಇದೆ, ಅದನ್ನ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ನೀವು ಹೇಳಿದ್ದನ್ನೆಲ್ಲ ಮರೆತು ಮೊದಲಿನ ವೇಗಕ್ಕೆ ಬರುತ್ತೆ. ಎಲ್ಲರೂ ಅಂಕಿ ಬರೀತಾರಮ್ಮ, ಎಷ್ಟು ಹೊತ್ತು ಓಡ್ತು ಅಂತ ಯಾರೂ ಬರೆಯಲ್ಲ. ಒಂದು ಪ್ರೊಸೆಸರಿದ್ದ ಹಾಗೆ ಇನ್ನೊಂದಿರಲ್ಲ."

ಅವಳು ವಯರ್ ಕಿತ್ತು, ಬ್ಯಾಟರಿ ತೆಗೆದು, ಅಂಗೈಯಲ್ಲಿಟ್ಟುಕೊಂಡು ಕಾದಳು. ಮತ್ತೆ ಹಾಕಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಅವಳು ಮೊದಲ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದಳು.

ಆದರೆ ಅಳಿಯನ ಮನಸ್ಸು ಕೆಟ್ಟಿತ್ತು. ಮುಂದಿನ ವಾರ ಅವಳು ಬ್ಯಾಂಕಿನಿಂದ ಬರುವಾಗ ಮನೆಯ ಮುಂದೆ ಹಳೆ ಸಾಮಾನಿನವನ ಗಾಡಿ ನಿಂತಿತ್ತು. ಒಳಗೆ ಅವನ ಕೈಯಲ್ಲಿ ಡೆಸ್ಕ್‌ಟಾಪು, ಹಿಂದೆ ಅಳಿಯ, ಅಡುಗೆಮನೆಯ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತ ಮಗಳು. ಕಂಡಕ್ಟರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಇಳಿಸು."

ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುತ್ತಿದ್ದ ದನಿ ಅದು. ಹಳೆ ಸಾಮಾನಿನವನು ಡೆಸ್ಕ್‌ಟಾಪನ್ನು ನೆಲಕ್ಕಿಟ್ಟು, ತನ್ನ ಗಾಡಿಯೇ ಕ್ಷೇಮವೆಂದು ಹೊರಗೆ ಜಾರಿದ.

"ಅತ್ತೆ, ಬೆಂಕಿ ಹತ್ತಿದ್ರೆ?" ಎಂದ ಅಳಿಯ. ದನಿಯಲ್ಲಿ ಕೋಪವಿರಲಿಲ್ಲ. "ನಮ್ಮಪ್ಪನ ಅಂಗಡಿ ಒಂದು ವಯರಿನಿಂದ ಸುಟ್ಟು ಹೋಯ್ತು. ನಾನು ನೋಡ್ತಾ ನಿಂತಿದ್ದೆ. ನಿಮ್ಮ ಕೋಣೆಯಿಂದ ಆ ಫ್ಯಾನಿನ ಸದ್ದು ಬಂದ್ರೆ ನನಗೆ ಕೂತಲ್ಲಿ ಕೂರೋಕಾಗಲ್ಲ."

ಇದನ್ನು ಅವನು ಇದುವರೆಗೆ ಹೇಳಿರಲಿಲ್ಲ. ಕಂಡಕ್ಟರಮ್ಮ ದನಿ ಇಳಿಸಿದಳು. ಆದರೆ ಹೊಸ್ತಿಲು ಬಿಡಲಿಲ್ಲ.

"ಭಯ ಇದೆ ಅಂತ ಹೇಳಿದ್ರೆ ಕೇಳ್ತಿದ್ದೆ ಅಳಿಯಂದ್ರೇ. ನಾನಿಲ್ಲದಾಗ ಮನೆಯಿಂದ ಸಾಗಿಸೋಕೆ ಇದೇನು ಕಸವಾ? ನನ್ನ ಒಳ್ಳೇದಕ್ಕೆ ಅಂತ ಹೇಳ್ಹೇಳಿ ನನಗೆ ಸೀಟು ಕೊಡದವರು ಬಹಳ ಜನ. ನೀವೂ ಆ ಸಾಲಿಗೆ ನಿಲ್ಬೇಡಿ. ಇದು ಇಲ್ಲೇ ಇರುತ್ತೆ. ನಿಮ್ಮ ಭಯಕ್ಕೆ ಏನು ಬೇಕೋ ಅದನ್ನ ಮಾಡೋಣ."

ಮಗಳು ಮುಂದೆ ಬಂದು, "ಅಮ್ಮ, ಆ ರಿಪೇರಿಯವರನ್ನೇ ಕರೆಸಿ ಕೇಳೋಣ," ಎಂದಳು. ಮರುದಿನ ಅವನು ಬಂದ. ಡಬ್ಬ ತೆರೆದು, ಒಳಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯನ್ನು ತಟ್ಟಿ ನೋಡಿ, ತಲೆ ಕೆರೆದುಕೊಂಡ.

"ಸಾರ್ ಹೇಳೋದ್ರಲ್ಲಿ ಅರ್ಧ ಸರಿ ಇದೆ ಅಮ್ಮ. ಪ್ರೊಸೆಸರ್ ಜಾಸ್ತಿ ಬಿಸಿಯಾದ್ರೆ ತಾನೇ ಆರಿಹೋಗುತ್ತೆ, ಬೆಂಕಿ ಹತ್ತಲ್ಲ. ಆದ್ರೆ ಈ ಪೆಟ್ಟಿಗೆ ಅಗ್ಗದ್ದು. ವೇಗ ಏರಿಸಿದ ಮೇಲೆ ಕರೆಂಟೂ ಜಾಸ್ತಿ ಎಳೆಯುತ್ತೆ, ಪೆಟ್ಟಿಗೆ ತಾಳದೆ ಸುಡಬಹುದು. ಇದನ್ನ ನಾನು ಆವತ್ತೇ ಬದಲಾಯಿಸ್ಬೇಕಿತ್ತು."

"ಬದಲಾಯಿಸು ಮತ್ತೆ," ಎಂದಳು ಕಂಡಕ್ಟರಮ್ಮ. ಅಳಿಯನ ಕಡೆ ತಿರುಗಿ, "ನಿಮ್ಮ ಮಾತಲ್ಲಿ ಅರ್ಧ ಸರಿಯಂತೆ. ಆ ಅರ್ಧ ಒಪ್ಪಿದೀನಿ. ಉಳಿದರ್ಧ ನಿಮ್ಮ ಹತ್ರಾನೇ ಇರ್ಲಿ," ಎಂದಳು. ಮಗಳು ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು.

ಒಳ್ಳೆಯ ಪೆಟ್ಟಿಗೆ ಬಂತು. ಮೂರನೆಯ ಮೆಟ್ಟಿಲು ಗಟ್ಟಿಯಾಗಿ ನಿಂತಿತು. ನಾಲ್ಕನೆಯದಕ್ಕೆ ಪರೀಕ್ಷೆಯ ನಡುವೆ ಪರದೆ ಸತ್ತಿತು, ಅವಳು ಗೊಣಗುತ್ತ ಕೆಳಗಿಳಿದಳು. ಗುಂಪಿನ ಆ ದೊಡ್ಡ ಅಂಕಿಯವನಿಗೆ ಹೋಲಿಸಿದರೆ ಇವಳದು ಏನೂ ಅಲ್ಲ. ಆದರೆ ಮಧ್ಯಾಹ್ನವಿಡೀ ಪೇಟೆಯ ದಾರಿಯಲ್ಲಿ ಓಡಿಸಿದರೂ ಬಸ್ಸು ಒಮ್ಮೆಯೂ ತಡವರಿಸುತ್ತಿರಲಿಲ್ಲ. ಗುಂಪಿನಲ್ಲಿ ಒಬ್ಬ, ಅಜ್ಜಿ, ಇದೆಲ್ಲ ನಿಮಗೇಕೆ ಎಂದು ಕೇಳಿದ. ಓಡಿಸುವುದಕ್ಕೆ ಎಂದು ಬರೆದು, ಮುಂದಿನ ನಿಲ್ದಾಣಕ್ಕೆ ಹೊರಟಳು.

ಬೇಸಿಗೆ ಬಂತು. ಹಿಂದಿನ ಕೋಣೆಗೆ ಗಾಳಿ ಕಡಿಮೆ, ತಾರಸಿ ಕಾದು ಹೆಂಚಾಗುತ್ತಿತ್ತು. ಬಿಸಿಯ ಅಂಕಿ ಎಂಬತ್ತರ ಗಡಿಗೆ ಬಂದು ಬಾಗಿಲು ತಟ್ಟತೊಡಗಿತು. ಕಂಡಕ್ಟರಮ್ಮ ಆ ಪುಟ ತೆರೆದು ವೇಗವನ್ನು ಒಂದು ಮೆಟ್ಟಿಲು ಇಳಿಸಿದಳು. ಬಾಗಿಲಲ್ಲಿ ನಿಂತಿದ್ದ ಅಳಿಯನಿಗೆ ಆಸೆ ಹುಟ್ಟಿತು.

"ಹಾಗೇ ಪೂರ್ತಿ ಇಳಿಸಿಬಿಡಿ ಅತ್ತೆ. ಮೊದಲು ಹೇಗಿತ್ತೋ ಹಾಗೆ."

"ಮೊದಲು ಹೇಗಿತ್ತೋ ಹಾಗೆ ಮಾತ್ರ ಆಗಲ್ಲ," ಎಂದಳು ಅವಳು. "ಬಿಸಿಲಿಗೆ ಒಂದು ಮೆಟ್ಟಿಲು ಬಿಟ್ಟಿದೀನಿ. ಮೋಡ ಆದ ದಿನ ವಾಪಸ್ ತಗೋತೀನಿ. ಅಲ್ಲೇ ನಿಂತ್ಕೋಬೇಡಿ, ಬರೋ ಗಾಳಿಗೆ ಅಡ್ಡ ಆಗುತ್ತೆ. ಆ ಮಂಚದ ಮೇಲಾದ್ರೂ ಕೂತ್ಕೊಳ್ಳಿ."

ಅವನು ಮಂಚದ ತುದಿಯಲ್ಲಿ ಕುಳಿತ, ಅವಳು ಆಟದ ಬಸ್ಸು ಹೊರಡಿಸಿದಳು. ಪರದೆಯ ಮೂಲೆಯ ಬಿಸಿಯ ಅಂಕಿಯನ್ನೇ ನೋಡುತ್ತಿದ್ದವನು, ಮೂರು ನಿಲ್ದಾಣ ಕಳೆದ ಮೇಲೆ ರಸ್ತೆಯ ಕಡೆ ನೋಡತೊಡಗಿದ.