ಅಕ್ಕನಿಗೆಂದು ಹೆಣೆದ ನೆರಿಗೆ ಸ್ಕಾರ್ಫು

ನನ್ನ ಕೈಕೆಲಸದಲ್ಲಿ ಯಾರಾದರೂ ತಪ್ಪು ತೋರಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರೂ ತೋರಿಸದಿದ್ದರೆ ನಾನೇ ಹುಡುಕಿಕೊಂಡು ಉರಿದುಕೊಳ್ಳುತ್ತೇನೆ. ಹಾಳು ಸ್ವಭಾವ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಅಗಸೂರಿನಲ್ಲಿರುವ ನನ್ನ ಅಕ್ಕನಿಗೆ ಥೈರಾಯ್ಡ್ ಗಂಟಿನ ಆಪರೇಶನ್ ಆಯಿತು. ಗಂಟು ಹೋಯಿತು, ಕುತ್ತಿಗೆಗೆ ಅಡ್ಡಲಾಗಿ ಕೆಂಪು ಗೆರೆ ಉಳಿಯಿತು. ಕೊಯ್ಲಿಗೆ ಹೋದ ಗದ್ದೆಯಲ್ಲೆಲ್ಲ ಹೆಂಗಸರು ಅದನ್ನೇ ಕೇಳುವವರು. ಅದನ್ನಾದರೂ ಸಹಿಸಿಕೊಂಡಳು. ಆದರೆ ಡಿಸೆಂಬರಿನಲ್ಲಿ ಮಗಳ ನಿಶ್ಚಿತಾರ್ಥ ಎಂದಾದಾಗ ಹೆದರಿಬಿಟ್ಟಳು. ಹುಡುಗನನ್ನು ಮಗಳೇ ಮೆಚ್ಚಿಕೊಂಡಿದ್ದಳು. ಅಕ್ಕನಿಗೂ ಅವನು ಹಿಡಿಸಿದ್ದ. ಹೆದರಿಕೆ ಈ ಗೆರೆಯದ್ದು, ಅದನ್ನು ಮಗಳಿಗೆ ಹೇಳಿರಲಿಲ್ಲ.

ಹಬ್ಬುವಾಡದ ನನ್ನ ಮನೆಗೆ ಬಂದು ಕೂತವಳೇ ಅಂದಳು, "ಗಂಡಿನ ಕಡೆಯವ್ರು ಕಂಡ್ರೆ ಈ ಸೀಕು ಹುಡುಗಿಗೂ ಬತ್ತದೆ ಅಂತಾರೆ ತಂಗಿ. ಸಂಬಂಧ ಮುರಿದ್ರೆ ನಾ ಎಂತಾ ಮಾಡ್ಲಿ?"

"ಸೆರಗು ಹೊದ್ಕ," ಎಂದೆ.

"ಎರಡೂ ಕೈಲಿ ತಟ್ಟೆ ಇದ್ದಾಗ ಸೆರಗು ಹಿಡ್ಕಣೂಕೆ ನೀ ಬರ್ತೀಯಾ?"

ಆಗ ನಾನು ಮೊಬೈಲಿನಲ್ಲಿ ನೋಡಿ ಒಂದು ಸ್ಕಾರ್ಫು ಕಲಿಯುತ್ತಿದ್ದೆ. ತುದಿಯಿಲ್ಲದ ದೊಡ್ಡ ಬಳೆಯಂಥದ್ದು. ತಲೆಯ ಮೇಲಿಂದ ಹಾಕಿಕೊಂಡರೆ ಕುತ್ತಿಗೆಯ ಸುತ್ತ ನೆರಿಗೆ ನೆರಿಗೆಯಾಗಿ ಕೂರುತ್ತದೆ. ಒಳಬದಿ, ಹೊರಬದಿ ಎಂಬುದಿಲ್ಲ, ಎರಡೂ ಕಡೆ ಒಂದೇ ಚಂದ. ಚಳಿಗೆ ಹಾಕಿಕೊಂಡೆ ಎಂದರೆ ಯಾರು ಏನನ್ನುತ್ತಾರೆ? ಸೀರೆಯ ಬಣ್ಣದ್ದೇ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಎಷ್ಟೋ ದಿನದ ಮೇಲೆ ಅಕ್ಕ ನಕ್ಕಳು.

ನೂಲು ಬಹಳ ಸಣ್ಣದು. ಬಳೆಯಂತೆ ಬಾಗುವ ಉದ್ದ ಸೂಜಿಗೆ ಮುನ್ನೂರು ಚಿಲ್ಲರೆ ಕುಣಿಕೆ ಹಾಕಿ, ಎಲ್ಲವೂ ಒಂದೇ ಕಡೆ ಮುಖ ಮಾಡಿವೆಯೇ ಎಂದು ನೋಡಿ, ಆಮೇಲೆ ಎರಡು ತುದಿ ಸೇರಿಸಬೇಕು. ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕೂತು ಆ ಕೆಲಸ ಮಾಡಿದ್ದು ನನ್ನ ಸೊಕ್ಕು. ಸೂಜಿಯ ಮೇಲೆ ನೆರಿಗೆಗಳು ಒತ್ತಿಕೊಂಡಿದ್ದರಿಂದ ಏನೂ ಗೊತ್ತಾಗಲಿಲ್ಲ. ಗೇಣಗಲ ಹೆಣೆದು ಮುಗಿಸಿ ಸೂಜಿಯಿಂದ ಇಳಿಸಿದಾಗ ಕಂಡಿತು, ಇಡೀ ಸುತ್ತು ಒಮ್ಮೆ ತಿರುಚಿಕೊಂಡಿದೆ, ಪೂರ್ತಿ ಬಿಚ್ಚದೆ ಸರಿಯಾಗುವಂಥದ್ದಲ್ಲ. ನಿಶ್ಚಿತಾರ್ಥಕ್ಕೆ ನಾಲ್ಕೇ ದಿನ ಉಳಿದಿತ್ತು.

ಅಕ್ಕನಿಗೆ ಫೋನ್ ಮಾಡಿದೆ.

"ಕುತ್ತಿಗೆ ಮುಚ್ತದೋ ಇಲ್ವೋ?" ಎಂದು ಕೇಳಿದಳು.

"ಮುಚ್ತದೆ. ಒಂದು ಕಡೆ ನೆರಿಗೆ ಮಗುಚಿ ಬೀಳ್ತದೆ."

"ಬೀಳ್ಲಿ ಮಾರಾಯ್ತಿ. ನನ್ನ ಕುತ್ತಿಗೆ ನೋಡೂಕೆ ದುರ್ಬೀನು ಯಾರು ತರ್ತಾರೆ? ಹಾಂಗೇ ಕೊಡು."

ಕೊಡಬೇಕಿತ್ತು. ನೆಂಟರೆದುರು ನನ್ನ ಕೈಯ ಹೆಣಿಗೆ ಸೊಟ್ಟಗೆ ಕಾಣುವುದು ನನಗೆ ಆಗಲಿಲ್ಲ, ಅಷ್ಟೇ ವಿಷಯ. ನಾಲ್ಕು ದಿನ ಧಾರಾಳ ಸಾಕು ಎಂದು ಜಂಬ ಕೊಚ್ಚಿ, ಪೂರ್ತಿ ಬಿಚ್ಚಿ ಉಂಡೆ ಸುತ್ತಿದೆ. ಹೊಸದು ಅರ್ಧಕ್ಕೂ ಬರಲಿಲ್ಲ. ನಿಶ್ಚಿತಾರ್ಥದ ಬೆಳಿಗ್ಗೆ ಅಗಸೂರಿಗೆ ಬರಿಗೈಯಲ್ಲಿ ಹೋದೆ. ಅಕ್ಕ ನನ್ನ ಚೀಲದ ಕಡೆ ಒಮ್ಮೆ ನೋಡಿ ಒಳಗೆ ನಡೆದಳು. ಎರಡು ಬೈದಿದ್ದರೆ ಚೆನ್ನಾಗಿತ್ತು.

ಗಂಡಿನ ಕಡೆಯವರು ಹೊರಡುವ ತನಕ ಅವಳು ಅಡುಗೆಮನೆ ಬಿಟ್ಟು ಬರಲಿಲ್ಲ. ಹುಡುಗಿಯ ತಾಯಿ ಎಲ್ಲಿ ಎಂದು ಕೇಳಿದವರಿಗೆ, ಪಾಯಸ ತಳ ಹಿಡಿಯುತ್ತದೆಂದು ಬಿಟ್ಟು ಬರುತ್ತಿಲ್ಲ ಎಂದು ನಾನೇ ಸುಳ್ಳು ಹೇಳಿದೆ. ಉಂಗುರ ಹಾಕುವಾಗ ಅವಳ ಜಾಗದಲ್ಲಿ ನಿಂತವಳೂ ನಾನೇ. ಹುಡುಗಿ ಎರಡು ಸಲ ಒಳಬಾಗಿಲ ಕಡೆ ತಿರುಗಿ ನೋಡಿದಳು.

ಸ್ಕಾರ್ಫು ಜನವರಿಯಲ್ಲಿ ಮುಗಿಯಿತು. ಒಂದು ತಪ್ಪಿಲ್ಲ. ಅಕ್ಕ ಮದುವೆಗೆ ಅದನ್ನು ಹಾಕಿಕೊಂಡು ಎಲ್ಲರೆದುರು ಓಡಾಡಿದಳು. ಆದರೆ ಮದುವೆಗೆ ಮೊದಲೇ ಒಂದು ದಿನ ಹುಡುಗಿ ನನ್ನ ಮನೆಗೆ ಬಂದು, ತಾಯಿ ಎಲ್ಲೂ ಕಾಣದ ನಿಶ್ಚಿತಾರ್ಥದ ಫೋಟೋದಲ್ಲಿ ಹುಡುಗನನ್ನು ತೋರಿಸುತ್ತಾ ಕೇಳಿದ್ದಳು, "ಆಯಿಗೆ ಇವ ಬೇಡಾಗಿತ್ತು ಅಲಾ ಚಿಕ್ಕಮ್ಮ? ಬಾಯಿಬಿಟ್ಟು ಹೇಳ್ಲಿಲ್ಲ, ಅಷ್ಟೇ."

ಗೆರೆಯ ವಿಷಯ, ಹೆದರಿಕೆಯ ವಿಷಯ, ಬಿಚ್ಚಿದ ಸ್ಕಾರ್ಫಿನ ವಿಷಯ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಯಿನ ಬಚಾವ್ ಮಾಡೂಕೆ ಇಷ್ಟೆಲ್ಲ ಕತೆ ಕಟ್ಬೇಡ ಚಿಕ್ಕಮ್ಮ," ಅಂದಳು.

ಆಮೇಲೆ ಅಕ್ಕನೇ ಹೇಳಿ ನೋಡಿದಳು, ಅದನ್ನೂ ಹುಡುಗಿ ನಂಬಲಿಲ್ಲ. ಈಗ ಶಿರವಾಡದಲ್ಲಿ ಗಂಡನ ಜೊತೆ ಚೆನ್ನಾಗಿದ್ದಾಳೆ. ತವರಿಗೆ ಮಾತ್ರ ಒಬ್ಬಳೇ ಹೋಗುತ್ತಾಳೆ. ಅಕ್ಕ ಅಳಿಯನಿಗೆಂದು ಬೇರೆ ತೆಗೆದಿಟ್ಟ ಮೀನು ಪ್ರತಿ ಸಲವೂ ಉಳಿಯುತ್ತದೆ.