ಕಂಡಕ್ಟರಮ್ಮನ ಹೆಗಲ ಟವೆಲ್ಲು

ಇಪ್ಪತ್ತಾರು ವರ್ಷ ಬಸ್ಸಿಗೆ ಜನರನ್ನು ಹತ್ತಿಸಿ ಇಳಿಸಿದ ಕಂಡಕ್ಟರಮ್ಮನಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಬೀದಿಯವರು ಕೆಲಸಕ್ಕೆ ಹೋಗುವಾಗ ನಾಯಿಗಳನ್ನು ಬಿಟ್ಟು ಹೋಗಲಿ ಎಂದು ಮುಂದಿನ ಎರಡು ಕೋಣೆ ಖಾಲಿ ಮಾಡಿದರು. ಆರು ನಾಯಿ ಸೇರಿದವು. ಕಿಟಕಿ ಪಕ್ಕ ವಯಸ್ಸಾದವಕ್ಕೆ, ಬಾಗಿಲ ಬಳಿ ಗಳಿಗೆಗೊಮ್ಮೆ ಹೊರಗೆ ಓಡುವವಕ್ಕೆ. "ಒಳಗೆ ಜಾಗ ಇದೆ, ಸರ್ಕೊಳ್ಳಿ" ಎಂದು ಗದರಿದರೆ ಕುದುರೆಯಂಥ ನಾಯಿಯೂ ಬಾಲ ಮುದುರಿ ಸರಿಯುತ್ತಿತ್ತು.

ಬೆಳಿಗ್ಗೆ ಬಾಗಿಲಲ್ಲೇ ತಪಾಸಣೆ. ಬಾಯಿ ತೆರೆಸಿ ಹಲ್ಲು ನೋಡಬೇಕು, ಕಿವಿ ಮೂಸಬೇಕು, ಹೆಗಲ ಟವೆಲ್ಲಿನಿಂದ ಮೂತಿ ಒರೆಸಬೇಕು. ಆರು ಮೂತಿಗೂ ಅದೇ ಟವೆಲ್ಲು. ದಿನವೂ ಬಿಸಿನೀರಲ್ಲಿ ಒಗೆದದ್ದು. ಇದಕ್ಕಿಂತ ಶುಚಿ ಇನ್ನೇನು ಬೇಕು ಎಂದು ಅವರ ಅಂಬೋಣ.

ಆರರಲ್ಲಿ ಅವರ ಕಣ್ಮಣಿ ಎದುರು ಅಂಗಡಿಯ ದರ್ಜಿಯ ಪಗ್ ಜಾತಿಯ ನಾಯಿ. ಹನ್ನೊಂದು ವರ್ಷದ ಮುದುಕಿ, ಚಪ್ಪಟೆ ಮೂಗು, ಎಚ್ಚರವಾಗಿದ್ದರೂ ಗೊರಗೊರ. ದರ್ಜಿಗೆ ಯಾರ ಮೇಲೂ ನಂಬಿಕೆಯಿಲ್ಲ. ಒಂದು ತೋಳನ್ನು ಮೂರು ಸಲ ಅಳೆಯುವ ಮನುಷ್ಯ. ನೆಲದ ಮೇಲಿನ ಸೂಜಿಯನ್ನು ಮುದುಕಿ ನುಂಗೀತೆಂಬ ಭಯ ಮಿತಿಮೀರಿದ ಮೇಲಷ್ಟೇ ಇವರ ಕೈಗೆ ಕೊಟ್ಟಿದ್ದ. ಆ ನಂಬಿಕೆ ಕಂಡಕ್ಟರಮ್ಮನಿಗೆ ಪದಕವಿದ್ದಂತೆ.

ಒಂದು ಸೋಮವಾರ ಬ್ಯಾಂಕ್ ಗುಮಾಸ್ತನ ಉದ್ದಕಾಲಿನ ನಾಯಿ, ಯಜಮಾನ ಊರಲ್ಲಿಲ್ಲವೆಂದು ಊರಾಚೆಯ ನಾಯಿಗಳ ವಸತಿಯಲ್ಲಿ ವಾರವಿದ್ದು ಬಂದದ್ದು, ಹೊಸಿಲಲ್ಲೇ ಕತ್ತು ಚಾಚಿ ಖೊಕ್ ಖೊಕ್ ಎಂದು ಕೆಮ್ಮಿ ಬಿಳಿ ನೊರೆ ಕಾರಿತು.

"ಗಂಟಲಲ್ಲಿ ಮೂಳೆ ಸಿಕ್ಕಿದೆ ಕಣೋ ನಿಂಗೆ" ಎಂದು ಕಂಡಕ್ಟರಮ್ಮ ಗಂಟಲವರೆಗೂ ಬೆರಳು ಹಾಕಿ ತಡಕಿದರು. ಏನೂ ಸಿಗಲಿಲ್ಲ. ಬ್ರೆಡ್ಡಿನ ಉಂಡೆ ನುಂಗಿಸಿ, ನೊರೆ ಒರೆಸಿ, ಟವೆಲ್ಲನ್ನು ಹೆಗಲಿಗೇರಿಸಿಕೊಂಡರು. ಹಿಂದೆಯೇ ನಿಂತಿದ್ದ ಮುದುಕಿಯ ಮೂತಿಯನ್ನೂ ಅದರಲ್ಲೇ ಮುದ್ದಾಗಿ ಒರೆಸಿದರು.

ಶುಕ್ರವಾರದ ಹೊತ್ತಿಗೆ ಮೂರು ನಾಯಿಗಳು ಕೆಮ್ಮುತ್ತಿದ್ದವು. ಮೂರಕ್ಕೂ ಒಟ್ಟಿಗೆ ಮೂಳೆ ಸಿಗಲು ಇವರೇನು ಔತಣ ಹಾಕಿದ್ದರೇ? ನಾಯಿ ಡಾಕ್ಟರರ ಬಳಿಗೆ ಓಡಿದರು.

"ಮೂಳೆ ಅಲ್ಲಮ್ಮ, ಅಂಟು ಕೆಮ್ಮು" ಎಂದರು ಡಾಕ್ಟರು, ವಯಸ್ಸಿನಲ್ಲಿ ಇವರ ಮಗಳಷ್ಟಿದ್ದವರು. "ಕೆಮ್ಮಿದ ಗಾಳಿ, ನೀರಿನ ಬಟ್ಟಲು, ಕೈ, ಬಟ್ಟೆ, ಎಲ್ಲದರಿಂದಲೂ ಹರಡುತ್ತೆ. ಮೂತಿ ಯಾವುದರಲ್ಲಿ ಒರೆಸ್ತೀರಿ?"

ಕಂಡಕ್ಟರಮ್ಮ ಹೆಗಲ ಟವೆಲ್ಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು; ಈಗ ತಮ್ಮದೇ ಹಾಗಾಗಿತ್ತು.

"ಹೆಚ್ಚಿನವು ಎರಡು ವಾರದಲ್ಲಿ ಸರಿಹೋಗ್ತವೆ. ವಯಸ್ಸಾದವು, ಮೂಗು ಚಪ್ಪಟೆ ಇರೋವು ಮಾತ್ರ ಹುಷಾರು. ಎದೆಗೆ ಇಳಿದ್ರೆ ಕಷ್ಟ."

ಮುದುಕಿ ಇನ್ನೂ ಕೆಮ್ಮಿರಲಿಲ್ಲ. ತಪ್ಪನ್ನೆಲ್ಲ ಗುಮಾಸ್ತನ ನಾಯಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ದಾರಿಯುದ್ದಕ್ಕೂ ಹಾಗೇ ಹೇಳುವುದೆಂದು ಅಭ್ಯಾಸವನ್ನೂ ಮಾಡಿಕೊಂಡರು. ಸಂಜೆ ಮುದುಕಿಯನ್ನು ಕರೆದೊಯ್ಯಲು ಬಂದ ದರ್ಜಿಯ ಮುಖ ಕಂಡದ್ದೇ ಬಾಯಿಗೆ ಬೇರೆಯೇ ಬಂತು.

"ಮಾಸ್ಟ್ರೇ, ರೋಗ ತಂದಿದ್ದು ಗುಮಾಸ್ತರ ನಾಯಿ. ಹಂಚಿದ್ದು ನಾನು."

ದರ್ಜಿ ಪೂರ್ತಿ ಕೇಳಿದ. ಮುದುಕಿಯನ್ನು ಎತ್ತಿ ಎದೆಗವಚಿಕೊಂಡ. "ನಿಮ್ಮನ್ನೂ ಮೂರು ಸಲ ಅಳೀಬೇಕಿತ್ತು ಕಂಡಕ್ಟ್ರಮ್ಮ. ಎರಡಕ್ಕೇ ನಂಬಿಬಿಟ್ಟೆ" ಎಂದು ರಸ್ತೆ ದಾಟಿದ.

ಕಂಡಕ್ಟರಮ್ಮ ಉಳಿದವರಿಗೂ ಫೋನು ಮಾಡಿ ಬೈಗುಳ ತಿಂದು, ಬಾಗಿಲು ಹಾಕಿ, ಕೋಣೆ ಗೋಡೆಯೆಲ್ಲ ತಿಕ್ಕಿದರು. ತಿಕ್ಕುವಾಗಲೂ ಕಿವಿ ಎದುರು ಅಂಗಡಿಯ ಹೊಲಿಗೆ ಯಂತ್ರದ ಮೇಲೆ. ಭಾನುವಾರ ಯಂತ್ರ ನಡುವೆ ನಿಂತಿತು. ಖೊಕ್, ಖೊಕ್. ಅವರ ಕೈಯ ಬ್ರಷ್ಷೂ ನಿಂತಿತು.

ಡಾಕ್ಟರು ಮಾತ್ರೆ ಕೊಟ್ಟರು. ಮರುದಿನ ಬೆಳಿಗ್ಗೆ ದರ್ಜಿ ಬಾಗಿಲಿಗೆ ಬಂದು, ಇವರ ಮುಖ ನೋಡದೆ ದೀಪದ ಕಂಬಕ್ಕೆ ಹೇಳಿದ: "ಮಾತ್ರೆ ಉಗೀತಾಳೆ. ನನ್ನ ಕೈಲಿ ಆಗ್ತಿಲ್ಲ."

ಕಂಡಕ್ಟರಮ್ಮ ಸೀರೆ ಬದಲಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಹೋದರು. ದವಡೆ ಹಿಡಿದು ಮಾತ್ರೆ ದಾಟಿಸಿದರು. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಆ ಹಬೆಯಲ್ಲಿ ಮುದುಕಿಯನ್ನು ಮಡಿಲಲ್ಲಿ ಕೂರಿಸಿಕೊಂಡರು. ದಿನಕ್ಕೆರಡು ಸಲ, ಒಂಬತ್ತು ದಿನ.

"ಕೈ ತೊಳೆದ್ರಾ?" ಎಂದು ದರ್ಜಿ ಪ್ರತಿ ಸಲವೂ ಹೊರಗಿನಿಂದ ಕೇಳುತ್ತಿದ್ದ.

"ಇನ್ನೊಂದ್ಸಲ ತೊಳೆದ್ರೆ ಮೂಳೆ ಕಾಣುತ್ತೆ ಮಾಸ್ಟ್ರೇ."

ಹತ್ತನೆಯ ದಿನ ಕೆಮ್ಮು ನಿಂತಿತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಒಳಗೆ ಏನೂ ಇಲ್ಲ ಎಂದರು. ಹಿಂದಿರುಗುವಾಗ ದರ್ಜಿ ಗಂಟಲು ಸರಿಮಾಡಿಕೊಂಡ.

"ಸೋಮವಾರದಿಂದ ಬಿಡ್ತೀನಿ ಇವಳನ್ನ."

ಕಂಡಕ್ಟರಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೂ ಅಡ್ಡಡ್ಡ ತಲೆಯಾಡಿಸಿದರು. "ಆಗಲ್ಲ. ಕೆಮ್ಮು ನಿಂತು ಎರಡು ವಾರ ಆಗ್ಬೇಕು. ಅಲ್ಲೀವರೆಗೂ ಯಾರಿಗೂ ಪ್ರವೇಶ ಇಲ್ಲ."

"ನಿಮ್ಮಿಂದ ಅಂಟಿದ್ದು, ನಿಮ್ಮ ಮನೆಗೇ ಸೇರಿಸಲ್ವಾ?"

"ಇಲ್ಲ."

ದರ್ಜಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಬೆರಳು ಮಡಚಿ ದಿನ ಎಣಿಸಿದ. "ಸರಿ, ಎರಡು ವಾರ. ಕಿಟಕಿ ಪಕ್ಕದ ಜಾಗ ಬೇರೆಯವರಿಗೆ ಕೊಡ್ಬೇಡಿ ಮತ್ತೆ."