ಅಳಿವೆಗೆ ಅಳಿಯನನ್ನು ತಂದ ಶೀನಣ್ಣ

ಶೀನಣ್ಣ ಕಂಪ್ಯೂಟರಿನ ಮೌಸ್ ಹಿಡಿಯುವ ಮೊದಲು ಅದರ ವಯರನ್ನು ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ದೋಣಿಗಳ ಮೇಲೆ ನಿಂತು ವಯರ್‌ಲೆಸ್ ಸೆಟ್ಟು, ಮೀನು ಹುಡುಕುವ ಯಂತ್ರ ರಿಪೇರಿ ಮಾಡಿದ ಮನುಷ್ಯ. ಕೈಯಲ್ಲಿರುವುದು ಯಾವ ಗಳಿಗೆಯಲ್ಲಾದರೂ ನೀರಿಗೆ ಬೀಳಬಹುದು ಎಂಬ ಹೆದರಿಕೆ ಅವರ ಮೈಗೇ ಅಂಟಿಕೊಂಡಿತ್ತು. ವಯರಿಲ್ಲದ ಮೌಸ್ ಬಂದಾಗ ಅದಕ್ಕೆ ಬಲೆಯ ನೂಲಿನ ತುಂಡೊಂದನ್ನು ಕಟ್ಟಿಕೊಂಡರು. ಇಷ್ಟೆಲ್ಲ ನಡೆಯುತ್ತಿದ್ದದ್ದು ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಒಂದನೇ ಮಹಡಿಯಲ್ಲಿದ್ದ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ನಾನು ನಕ್ಕರೆ, “ನೀ ನೆಗಾಡ್. ಬಿದ್ ಮೇಲೆ ಹೇಳ್” ಎನ್ನುತ್ತಿದ್ದರು.

ನನ್ನದು ಅವರ ಪಕ್ಕದ ಕೋಣೆ. ಮದುವೆ, ಗೃಹಪ್ರವೇಶಗಳ ಕರೆಯೋಲೆ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ ಮಾತ್ರ. ಆ ಕಡೆಯಿಂದ ಅವರು ಕೂಗುವುದು, ಈ ಕಡೆಯಿಂದ ನಾನು ಬೈಯುವುದು, ಹನ್ನೆರಡು ವರ್ಷ ಹೀಗೇ ನಡೆಯಿತು. ಶೀನಣ್ಣ ಪಕ್ಕದ ಕೋಡಿ ಊರಿನವರು, ಮದುವೆಯಾಗಿರಲಿಲ್ಲ. ಆದರೆ ಊರಿನ ಅಷ್ಟೂ ಜನರ ಬಳಿ ಅವರ ಬಾಯಲ್ಲಿತ್ತು. ಬಳಿ ಎಂದರೆ ನಮ್ಮ ಕಡೆಯ ಮೀನುಗಾರರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಒಂದೇ ಬಳಿಯವರು ಅಕ್ಕತಂಗಿ, ಅಣ್ಣತಮ್ಮ. ಅವರೊಳಗೆ ಮದುವೆ ಆಗಕೂಡದು. ಯಾರಿಗಾದರೂ ಸಂಬಂಧ ನೋಡುವವರು ಮೊದಲು ಶೀನಣ್ಣನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಕರೆಯೋಲೆ ಟೈಪ್ ಮಾಡಿಸಲು ಬಂದ ಒಬ್ಬರನ್ನು ನನ್ನ ಅಂಗಡಿಯಿಂದಲೇ ವಾಪಸ್ ಕಳಿಸಿದ್ದರು ಪುಣ್ಯಾತ್ಮ. ಹುಡುಗ ಹುಡುಗಿಯ ಬಳಿ ಒಂದೇ ಎಂದು ಗೋಡೆಯ ಆ ಕಡೆ ಕೂತೇ ಕಂಡುಹಿಡಿದಿದ್ದರಂತೆ.

ಇಂಥ ಮನುಷ್ಯ ಒಂದು ಲಿನಕ್ಸ್ ತಯಾರಿಸಿದರು ಎಂದರೆ ನೀವು ನಂಬಬೇಕು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಅದು, ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಜನರಿಗೆ ಹೊಂದುವಂತೆ ತಿದ್ದಿ ಹಂಚಬಹುದು. ಶೀನಣ್ಣ ಎಂಟು ವರ್ಷ ತಿದ್ದಿದರು. ಕೀಲಿಮಣೆಯನ್ನು ಕನ್ನಡ ಮಾಡಿದರು. ಪರದೆಯ ಮೂಲೆಯಲ್ಲಿ ಉಬ್ಬರ ಇಳಿತದ ಹೊತ್ತು ಕಾಣುವಂತೆ ಮಾಡಿದರು. ಏನಾದರೂ ತಪ್ಪಾದರೆ ಮೀನು ಹುಡುಕುವ ಯಂತ್ರದ ಹಾಗೆ ಕುಂಯ್ ಎನ್ನುತ್ತಿತ್ತು. ಹೊಳೆ ಸಮುದ್ರ ಸೇರುವ ಜಾಗದ ಹೆಸರನ್ನೇ ಇಟ್ಟರು: ಅಳಿವೆ. ಗುಜರಿಗೆ ಹಾಕಬೇಕಾದ ಕಂಪ್ಯೂಟರುಗಳೂ ಅಳಿವೆ ಹಾಕಿದರೆ ಎದ್ದು ಕೂರುತ್ತಿದ್ದವು.

ಆದರೆ ಅದನ್ನು ಬಳಸುತ್ತಿದ್ದವರು ಇಡೀ ಪ್ರಪಂಚದಲ್ಲಿ ಒಬ್ಬರೇ, ಮೀನು ಮಾರುವ ಹೆಂಗಸರ ಸಂಘ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರು ಶಾಖೆ, ಮೂರು ಕಂಪ್ಯೂಟರು. ಅಧ್ಯಕ್ಷೆ ಗುಲಾಬಕ್ಕ ಹಂಗಾರಕಟ್ಟೆಯವರು. ಬ್ರಹ್ಮಾವರದ ಮಾರುಕಟ್ಟೆಯಲ್ಲಿ ಅವರು ಒಂದು ಮಾತಾಡಿದರೆ ಐಸ್ ಕರಗುವುದೂ ನಿಲ್ಲುತ್ತದೆ. ಒಂದು ದಿನ ಅವರು ಮೆಟ್ಟಿಲು ಹತ್ತಿ ಬಂದು ಬುಟ್ಟಿ ಇಳಿಸುವ ಹಾಗೆ ಕೂತರು.

“ಹ್ವಾಯ್ ಶೀನಣ್ಣ, ಬೈಂದೂರಂಗೆ ಚಕ್ರ ಒತ್ತಿರೆ ಇಂಟರ್ನೆಟ್ ಬತ್ತ್. ಕುಂದಾಪ್ರದಂಗೆ ನರಿ ಒತ್ಕ್. ನಮ್ಮಲ್ಲಿ ಎಂತದೋ ಗೋಳ. ನಾ ಫೋನಂಗೆ ಯಾರಿಗೆ ಎಂತ ಒತ್ತುಕ್ ಹೇಳುದ್?”

ಅವರು ಹೇಳಿದ್ದು ಬ್ರೌಸರುಗಳ ಚಿತ್ರದ ಗುರುತು. ಶೀನಣ್ಣ ಯಾರ ಮನಸ್ಸನ್ನೂ ನೋಯಿಸಬಾರದೆಂದು ಒಂದೊಂದು ಶಾಖೆಗೆ ಅವರವರು ಕೇಳಿದ್ದನ್ನು ಹಾಕಿಕೊಟ್ಟಿದ್ದರು.

“ಮೂರೂ ಕಡೆಗ್ ಒಂದೇ ಆಯ್ಕ್. ಮುಂದಿನ ತಿಂಗ್ಳ ಮೀಟಿಂಗ್ ಒಳ್ಗೆ ಯಾವ್ದ್ ಅಂತ ಹೇಳಿ. ಇಲ್ದಿರೆ ನಿಮ್ಮ ಅಳಿವೆ ಬ್ಯಾಡ, ಪೇಟಿಯಂಗೆ ಸಿಕ್ಕುದನ್ನೇ ಹಾಕ್ಸುವ,” ಎಂದು ಹೇಳಿ ಗುಲಾಬಕ್ಕ ಎದ್ದು ಹೋದರು.

ಶೀನಣ್ಣ ಆ ದಿನ ಊಟ ಮಾಡಲಿಲ್ಲ. ನನಗೆ ಕೋಪ ಬಂತು. “ಯಾವುದೋ ಒಂದು ಹಾಕಿ ಮಾರಾಯ್ರೆ, ಬೇಡದವರು ಬದಲಾಯಿಸಿಕೊಳ್ಳಲಿ” ಎಂದೆ.

“ಯಾರೂ ಬದ್ಲ್ ಮಾಡುದಿಲ್ಲೆ ಮಾರಾಯ್ತಿ,” ಎಂದರು. “ನಾ ಎಂತ ಕೊಟ್ಟೆನೋ ಅದನ್ನೇ ಸಾಯು ತನಕ ಒತ್ತುತ್ರ್. ಅವ್ರಿಗೆ ಅಳಿವೆ ಅಂದ್ರೆ ಅದೊಂದೇ ಕಿಟಕಿ. ಅದ್ ಸಮ ಇಲ್ದಿರೆ ನನ್ನ ಎಂಟ್ ವರ್ಷ ಹೊಳಿಗ್ ಹಾಕ್ದಾಂಗೆ.”

ಮರುದಿನ ಬೆಳಿಗ್ಗೆ ಬಂದಾಗ ಅವರ ಮುಖ ಬೆಳಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಏಳು ಬ್ರೌಸರುಗಳ ಹೆಸರು ಬರೆದು ಪ್ರತಿಯೊಂದರ ಮುಂದೆ ಬಳಿ ಬರೆದಿದ್ದರು. ದೋಣಿಗೆ ಇರುವಂತೆ ಬ್ರೌಸರಿಗೂ ಒಳಗೊಂದು ಎಂಜಿನ್ ಇರುತ್ತದೆ, ಪುಟ ತೆರೆಯುವುದು ಅದರ ಕೆಲಸ. ಆ ಎಂಜಿನ್ನೇ ತಾಯಿ ಎಂಬುದು ಶೀನಣ್ಣನ ತೀರ್ಮಾನ. ಹೆಸರು ಬೇರೆ, ಬಣ್ಣ ಬೇರೆ, ಆದರೆ ಏಳರಲ್ಲಿ ಐದು ಒಂದೇ ತಾಯಿಯ ಮಕ್ಕಳು.

“ಎಲ್ಲರ ಫೋನ್ ಒಳ್ಗೂ ಅದೇ ಬಳಿ ಕೂತ್ಕಂಡಿತ್ತ್. ಕಂಪ್ಯೂಟರಿಗೂ ಅದನ್ನೇ ತಂದ್ರೆ ಒಂದೇ ಬಳಿ ಒಳ್ಗೆ ಸಂಬಂಧ ಮಾಡ್ದಾಂಗ್ ಆತ್ತಿಲ್ಯಾ? ನಾಳೆ ಆ ಬಳಿಗೆ ಒಂದ್ ರೋಗ ಬಂದ್ರೆ ಎಲ್ಲ ಒಟ್ಟಿಗೇ ಮಲ್ಗ್ತ್ವ್.”

“ಬ್ರಹ್ಮಾವರದ ಗೋಳ? ಅದರ ಎಂಜಿನ್ ಬೇರೆ ಅಂತ ನೀವೇ ಹೇಳಿದ್ದಿರಿ.”

“ಬೇರೆಯೇ. ಆದ್ರೆ ಒಂದ್ ತಲೆಮಾರ್ ಹಿಂದೆ ಕಂಡ್ರೆ ಈ ಎರಡೂ ಒಂದೇ ಮನಿಯಿಂದ ಪಾಲಾದ್ದ್. ಅಕ್ಕತಂಗೇರ್ ಮಕ್ಕಳ್. ಆತ್ತಿಲ್ಲ.”

ನಾನು ನಗಬೇಕೆಂದಿದ್ದವಳು ಏಳೂ ಹೆಸರನ್ನು ಇನ್ನೊಮ್ಮೆ ಓದಿದೆ. ಮಾತು ಹುಚ್ಚುಹುಚ್ಚಾಗಿತ್ತು, ಆದರೆ ಅದರಲ್ಲಿ ತಪ್ಪು ಎಲ್ಲಿದೆ ಎಂದು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಬೇರೆ ಬಳಿಯದು ಉಳಿದದ್ದು ನರಿ ಒಂದೇ.

ನರಿಯನ್ನು ನೋಡುವ ಶಾಸ್ತ್ರ ಮುಂದಿನ ಭಾನುವಾರ ನಡೆಯಿತು. ಗುಲಾಬಕ್ಕ ಬಂದರು, ಬೈಂದೂರಿನ ಶಾಖೆ ನೋಡಿಕೊಳ್ಳುವ ಬಾಬಿಯಕ್ಕ ಬಂದರು. ಶೀನಣ್ಣ ಕಂಪ್ಯೂಟರಿನ ಧೂಳು ಒರೆಸಿ, ಪರದೆಗೆ ಮಲ್ಲಿಗೆಯ ತುಂಡು ಮುಡಿಸಿದ್ದರು. ಬನ್ಸು, ಚಹಾ ನನ್ನ ಲೆಕ್ಕದಲ್ಲಿ. ನೋಡುತ್ತಿರುವುದು ಹೆಣ್ಣೋ ಗಂಡೋ ಎಂಬಲ್ಲಿಗೇ ಮೊದಲ ಜಗಳ ಹುಟ್ಟಿತು. ಗುಲಾಬಕ್ಕ ಎರಡನೇ ಬನ್ಸು ಮುರಿಯುತ್ತಾ ಅದನ್ನು ಬಗೆಹರಿಸಿದರು.

“ಹೆಣ್ಣಲ್ಲ, ಮನೆ ಅಳಿಯ. ನಮ್ಮನ್ಯಂಗೇ ಇಪ್ಪುದ್, ನಮ್ದೇ ಉಂಬುದ್, ನಾವ್ ಹೇಳಿದ್ ಕೆಲ್ಸ ಮಾಡುದ್. ಎಷ್ಟ್ ಉಣ್ತ ಇವ?”

ಕಂಪ್ಯೂಟರಿನ ಮೆಮೊರಿ ಎಷ್ಟು ತಿನ್ನುತ್ತದೆ ಎಂಬ ಪ್ರಶ್ನೆ ಎಂದು ಶೀನಣ್ಣನಿಗೆ ಅರ್ಥವಾಯಿತು. “ಕಿಟಕಿ ಜಾಸ್ತಿ ತೆಗೆದ್ರೆ ಜಾಸ್ತಿ ಉಣ್ತ. ಒಂದೊಂದೇ ತೆಗ್ದ್ ಮುಚ್ಚಿರೆ ಗಂಜಿಯಂಗೇ ಸುಧಾರಿಸ್ತ.”

“ಮನಿ ಸುದ್ದಿ ಹೊರ್ಗೆ ಹೇಳ್ತ್ನಾ?” ಇದು ಬಾಬಿಯಕ್ಕ.

“ಬಾಯಿ ಕಟ್ಟಿದ್ದೆ. ಸೆಟ್ಟಿಂಗಂಗೆ ಮೂರ್ ಕಡೆ ಟಿಕ್ ತೆಗ್ದಿದ್ದೆ.”

“ಕುಡೂ ಚಾಳಿ ಇತ್ತಾ?”

“ಬ್ರೌಸರ್, ಬಾಬಿಯಕ್ಕ,” ಎಂದೆ ನಾನು.

“ಗೊತ್ತಿತ್ತ್ ಮಾರಾಯ್ತಿ. ಸಂಬಂಧ ಅಂದ್ಮೇಲೆ ಕೇಂಬುದ್ ಕೇಣ್ಕಲೆ.”

ನಿಶ್ಚಯವಾಯಿತು. ಶೀನಣ್ಣ ಆ ಗೋಡೆಯಾಚೆಯಿಂದ ನನ್ನ ಕಡೆ ಬಂದು ಕರೆಯೋಲೆ ಟೈಪ್ ಮಾಡಿಸಿದರು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ‘ನಮ್ಮ ಅಳಿವೆಗೆ ಚಿ|| ನರಿಯನ್ನು ಡಿಫಾಲ್ಟ್ ಬ್ರೌಸರಾಗಿ ಮಾಡಿಕೊಳ್ಳುವುದೆಂದು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಪರಿವಾರ ಸಮೇತ ಆಗಮಿಸಿ’ ಎಂದು ಶುರುವಾಗಿ ‘ಆಶೀರ್ವಾದವೇ ಉಡುಗೊರೆ’ ಎಂದು ಮುಗಿಯುತ್ತಿತ್ತು. ನನ್ನ ವೃತ್ತಿಯಲ್ಲಿ ಅಷ್ಟು ಶ್ರದ್ಧೆಯಿಂದ ಕರಡು ತಿದ್ದಿದ ಗಿರಾಕಿಯನ್ನು ನಾನು ಮತ್ತೆ ಕಂಡಿಲ್ಲ.

ಎಡವಟ್ಟು ಆದದ್ದು ಅದರ ನಂತರ. ಅಳಿಯ ಮನೆಗೆ ಬಂದ ಮೇಲೆ ಇನ್ನೊಂದು ಗಂಡು ಮನೆಯೊಳಗೆ ಇರುವುದು ಮರ್ಯಾದೆಯಲ್ಲ ಎಂದು ಶೀನಣ್ಣ ಮೂರೂ ಕಂಪ್ಯೂಟರುಗಳಿಂದ ಚಕ್ರ, ಗೋಳ ಎಲ್ಲವನ್ನೂ ಬುಡಸಮೇತ ಕಿತ್ತುಹಾಕಿದರು. ಪ್ರಪಂಚದಲ್ಲಿ ಯಾವ ಲಿನಕ್ಸಿನವನೂ ಇಂಥ ಕಾರಣಕ್ಕೆ ಒಂದು ಬ್ರೌಸರನ್ನು ಅಳಿಸಿರಲಿಕ್ಕಿಲ್ಲ. “ಒಂದು ಇದ್ದರೆ ಇರಲಿ, ಯಾತಕ್ಕಾದರೂ ಬೇಕಾದೀತು” ಎಂದೆ. “ನಿನ್ನ ಮನ್ಯಂಗೆ ಇಟ್ಕಂತ್ಯಾ?” ಎಂದು ಕೇಳಿದರು.

ಎರಡು ತಿಂಗಳ ಬಳಿಕ ಬೈಂದೂರಿನಿಂದ ಬಾಬಿಯಕ್ಕನ ಫೋನು. ಸರಕಾರ ಕೊಡುವ ಮೀನಿನ ಐಸ್ ಪೆಟ್ಟಿಗೆಗಳಿಗೆ ಸಂಘದಿಂದ ಅರ್ಜಿ ಹಾಕಬೇಕು, ಅಂದೇ ಸಂಜೆ ಐದಕ್ಕೆ ಕೊನೆ. ಅದಕ್ಕೆ ಬೇಕಾದ ಕಾಗದಪತ್ರವೆಲ್ಲ ಬೈಂದೂರಿನ ಕಂಪ್ಯೂಟರಿನೊಳಗೇ ಇದ್ದವು. ಅರ್ಜಿಯ ಪುಟ ನರಿಯಲ್ಲಿ ತೆರೆಯುವುದಿಲ್ಲವೆನ್ನುತ್ತಿತ್ತು, ಚಕ್ರದಲ್ಲೇ ಬಾ ಎನ್ನುತ್ತಿತ್ತು. ಚಕ್ರವನ್ನು ಮತ್ತೆ ಇಳಿಸಿಕೊಳ್ಳೋಣವೆಂದರೆ ಅಳಿವೆ ಕುಂಯ್ ಎಂದು ತಡೆಯುತ್ತಿತ್ತು. ಆ ಬಳಿಯವರು ಒಳಗೆ ಕಾಲಿಡದಂತೆ ಶೀನಣ್ಣ ಬಾಗಿಲಿಗೇ ಅಗುಳಿ ಹಾಕಿದ್ದರು.

“ಗುಲಾಬಕ್ಕನಿಗ್ ಗೊತ್ತಾತ್ತ್. ಇವತ್ತ್ ಅರ್ಜಿ ಹೋಯ್ದಿರೆ ನಾಳೆ ಅಳಿವೆ ಹೋತ್ತ್,” ಎಂದು ಬಾಬಿಯಕ್ಕ ಫೋನಿಟ್ಟರು.

ಶೀನಣ್ಣ ಪೆನ್‌ಡ್ರೈವ್‌ಗೆ ಚಕ್ರವನ್ನು ತುಂಬಿಕೊಂಡರು. ನಾನೂ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟೆ. ಬೈಂದೂರಿನ ಬಸ್ಸಿನಲ್ಲಿ ಪೆನ್‌ಡ್ರೈವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟು ಮೇಲೆ ಕೈ ಒತ್ತಿಕೊಂಡು ಕೂತಿದ್ದರು. ಮುಖ ಪೆಚ್ಚಾಗಿತ್ತು. ಬಸ್ಸು ಮರವಂತೆ ದಾಟಿತು. ಆಮೇಲೆ, “ಅವ್ನ್ ಎದ್ರಿಗೇ ಹ್ಯಾಂಗ್ ಹಾಕುದ್ ಮಾರಾಯ್ತಿ?” ಎಂದರು. ಯಾರ ಎದುರಿಗೆ ಎಂದು ನಾನು ಕೇಳಲಿಲ್ಲ. ನನಗೂ ಆ ಹೊತ್ತಿಗೆ ನರಿಯ ಮುಖ ನೋಡುವುದು ಹೇಗಪ್ಪಾ ಎನಿಸುತ್ತಿತ್ತು.

ಬೈಂದೂರಿನಲ್ಲಿ ಬಾಬಿಯಕ್ಕ ಬಾಗಿಲಲ್ಲೇ ನಿಂತಿದ್ದರು. ಶೀನಣ್ಣ ಅಗುಳಿ ತೆಗೆದು ಚಕ್ರವನ್ನು ಒಳಗೆ ಕೂರಿಸಿದರು. ಪರದೆಯ ಮೇಲೆ ನರಿಯ ಪಕ್ಕದಲ್ಲಿ ಹೊಸ ಚಿತ್ರ ಬಂದು ಕೂತದ್ದೇ ಬಾಬಿಯಕ್ಕ ಕೇಳಿದರು, “ಇವ ಯಾರ್ ಈಗ?”

“ನೆಂಟ,” ಎಂದರು ಶೀನಣ್ಣ. “ಕೆಲ್ಸ ಮುಗ್ಸಿ ಹೋಪವ.”

ಅರ್ಜಿ ಐದಕ್ಕೆ ಎಂಟು ನಿಮಿಷ ಇರುವಾಗ ಹೋಯಿತು. ಸುದ್ದಿ ಗುಲಾಬಕ್ಕನಿಗೂ ಹೋಯಿತು. ಸಂಜೆ ಅವರ ಫೋನು ಬಂದಾಗ ಶೀನಣ್ಣ ಎದ್ದು ನಿಂತೇ ಮಾತಾಡಿದರು. ಗುಲಾಬಕ್ಕ ಹೇಳಿದ್ದು ಇಷ್ಟೇ: “ಅಳಿಯ ಇರ್ಲಿ. ನೆಂಟ ಹೋಪುದ್ ಬ್ಯಾಡ.”

ಅಳಿವೆ ಉಳಿಯಿತು. ಆದರೆ ನೆಂಟ ಮನೆಯಲ್ಲೇ ಉಳಿದದ್ದು ಶೀನಣ್ಣನಿಗೆ ಕೊನೆಯವರೆಗೂ ಅವಮಾನ. ವಾರಕ್ಕೊಮ್ಮೆ ಬೈಂದೂರಿಗೆ ಫೋನು ಮಾಡಿ, “ಯಾವ್ದ್ ಒತ್ತಿದ್ರಿ ಇವತ್ತ್?” ಎಂದು ವಿಚಾರಿಸುತ್ತಿದ್ದರು. ಫೋನು ಬಾಬಿಯಕ್ಕನೇ ಎತ್ತಲಿ, ಬೇರೆಯವರೇ ಎತ್ತಲಿ, ಪಾಪ, ಯಾವತ್ತೂ “ಅಳಿಯನ್ನೇ” ಎನ್ನುತ್ತಿದ್ದರು. ಒಂದಿಡೀ ಸಂಘ ಒಬ್ಬ ಮನುಷ್ಯನ ಸಮಾಧಾನಕ್ಕಾಗಿ ಸುಳ್ಳು ಹೇಳುವುದನ್ನು ನಾನು ನೋಡಿದ್ದೇನೆ.

ಕಳೆದ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಅವರ ಎದೆ ಕೈಕೊಟ್ಟಿತು. ಕುಂದಾಪುರದ ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಮಧ್ಯಾಹ್ನ. ಮೂಗಿಗೆ ನಳಿಕೆ ಹಾಕಿದ್ದರು, ಆದರೂ ಮಾತಿಗೇನೂ ಕಮ್ಮಿ ಇರಲಿಲ್ಲ. ಮೊದಲು ಕೇಳಿದ್ದು, “ನೆಂಟ ಹೋದ್ನಾ?”

“ಹೋದ,” ಎಂದೆ.

“ಸುಳ್ಳ್ ಹೇಳುಕ್ ಬತ್ತಿಲ್ಲ ನಿಂಗೆ. ಇರ್ಲಿ ಬಿಡ್. ನಾ ಇಲ್ದಿರೆ ಅಳಿವೆಗೆ ಯಾರಿದ್ರ್? ಹೊಸ್ದ್ ಹಾಕುಕ್ ಇಲ್ಲೆ, ತಿದ್ದುಕ್ ಇಲ್ಲೆ. ಗುಲಾಬಕ್ಕ ತೆಗ್ಸಿ ಬಿಡ್ತ್ರ್.” ಮೂಗಿನ ನಳಿಕೆ ಸರಿಸಿಕೊಂಡು, “ತೆಗೂಕೆ ಅವ್ರಿಗೆ ಹಕ್ಕಿತ್ತ್,” ಎಂದರು. ಅದು ನಮ್ಮ ಕೊನೆಯ ಮಾತು. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತು ಎಂಬುದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಗೊತ್ತಾಯಿತು. ಅಲ್ಲೇ ಕೂತು ಅತ್ತೆ.

ಅವರು ತೀರಿಕೊಂಡು ತಿಂಗಳು ಕಳೆದ ಮೇಲೆ ಸಂಘದ ಮೀಟಿಂಗು, ನನ್ನನ್ನೂ ಕರೆದಿದ್ದರು. ಕಂಪ್ಯೂಟರುಗಳ ವಿಷಯ ಬಂತು. ಪೇಟೆಯಿಂದ ಒಬ್ಬ ಬಂದು ಕೂತಿದ್ದ. ಹೊಸದು ಹಾಕಿಕೊಡುತ್ತೇನೆ, ಏನಾದರೂ ಆದರೆ ಫೋನು ಮಾಡಿದರೆ ಸಾಕು, ಈ ಅಳಿವೆಗೆ ಈಗ ಹಿಂದೆ ಮುಂದೆ ಯಾರೂ ಇಲ್ಲವಲ್ಲ ಎಂದು ವಿವರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬಾಬಿಯಕ್ಕ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಗುಲಾಬಕ್ಕ ಎಲ್ಲ ಕೇಳಿಸಿಕೊಂಡರು. ಸೆರಗು ಸರಿಮಾಡಿಕೊಂಡು ಆ ಮನುಷ್ಯನಿಗೆ ಸಾವಧಾನವಾಗಿ ಹೇಳಿದರು: “ನೀವ್ ಹೇಳುದ್ ಸಮ. ಅವ್ನ್ ಕಡೆಯೋರ್ ಅಂತ ಇದ್ದದ್ದ್ ಶೀನಣ್ಣ ಒಬ್ರೇ. ಅವ್ರೂ ಹೋದ್ರ್. ಈಗ ನಾವೂ ಹೊರ್ಗ್ ಹಾಕಿರೆ ಆ ಅಳಿಯ ಎಲ್ಲಿಗ್ ಹೋಪುದ್?”